ಸ್ಮಾರ್ಟ್‌ಫೋನ್ ಮತ್ತು ಸಂಗೀತಶ್ರವಣ

ಸ್ಮಾರ್ಟ್‌ಫೋನಿನಲ್ಲಿ ಸಂಗೀತಶ್ರವಣ ಎಂದರೆ ಮೊಬೈಲಿನಲ್ಲಿ ಸಂಗ್ರಹಿಸಿಟ್ಟ ಹಾಡುಗಳನ್ನಾಗಲಿ, ಅಂತರ್ಜಾಲದ ಮೂಲಕ ಆ ಕ್ಷಣಕ್ಕೆ ಹರಿದುಬರುವ ಹಾಡುಗಳನ್ನಾಗಲಿ ಕೇಳುವ ರೂಢಿ. ಎರಡನೆಯ ಬಗೆಗೆ ಸಂಗೀತ ಸ್ಟ್ರೀಮಿಂಗ್ ಎಂದು ಹೆಸರು. ಇದರಲ್ಲಿ ಕೇಳುಗನು ಹಾಡನ್ನು ಕೊಳ್ಳುವುದಿಲ್ಲ. ತಿಂಗಳಿಗೋ ವರ್ಷಕ್ಕೋ ಚಂದಾ ಕೊಟ್ಟು ಅಥವಾ ಜಾಹೀರಾತುಗಳನ್ನು ಸಹಿಸಿಕೊಂಡು, ಸಂಸ್ಥೆಯೊಂದರ ಭಂಡಾರದಲ್ಲಿರುವ ಹಾಡುಗಳನ್ನು ಕೇಳುವ ಅನುಮತಿಯನ್ನು ಮಾತ್ರ ಪಡೆಯುತ್ತಾನೆ. ಸ್ಪಾಟಿಫೈ, ಯೂಟ್ಯೂಬ್ ಮ್ಯೂಸಿಕ್, ಆ್ಯಪಲ್ ಮ್ಯೂಸಿಕ್, ಜಿಯೋಸಾವನ್, ಗಾನಾ, ಅಮೆಜಾನ್ ಮ್ಯೂಸಿಕ್ ಮುಂತಾದವು ಭಾರತದಲ್ಲಿ ಪರಿಚಿತವಾದ ಸೇವೆಗಳು. ಫೋನಿನ ರಚನೆಯೂ ಸೇವೆಯ ನಿಯಮಗಳೂ ಕೂಡಿ ಕೇಳುವ ಅಭ್ಯಾಸವನ್ನು ಹೇಗೆ ಬದಲಿಸಿವೆ, ಸಾಮಾನ್ಯ ಬಳಕೆದಾರರು ಯಾವುದನ್ನು ಮೆಚ್ಚುತ್ತಾರೆ, ಯಾವುದಕ್ಕೆ ಗೊಣಗುತ್ತಾರೆ ಎಂಬುದನ್ನು ಈ ಲೇಖನವು ವಿವರಿಸುತ್ತದೆ.

ಹಿನ್ನೆಲೆ

ಎಂ.ಪಿ.3 ಎಂಬ ಧ್ವನಿಸಂಕೋಚನ ವಿಧಾನವು ಮುಖ್ಯವಾಗಿ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯಲ್ಲಿ ರೂಪುಗೊಂಡಿತು. ಕಡತದ ಹೆಸರಿನ ಕೊನೆಗೆ ಎಂ.ಪಿ.3 ಎಂದು ಬರೆಯುವ ಪದ್ಧತಿ 1995ರಲ್ಲಿ ನಿಶ್ಚಯವಾಯಿತು. ಮನುಷ್ಯನ ಕಿವಿಗೆ ಸುಲಭವಾಗಿ ಗೋಚರಿಸದ ಧ್ವನ್ಯಂಶಗಳನ್ನು ಬಿಟ್ಟುಬಿಡುವುದರಿಂದ ಹಾಡಿನ ಗಾತ್ರ ಸಿ.ಡಿ.ಯಲ್ಲಿರುವುದರ ಸುಮಾರು ಹತ್ತನೆಯ ಒಂದು ಪಾಲಿಗೆ ಇಳಿಯುತ್ತದೆ. 1999ರಲ್ಲಿ ನ್ಯಾಪ್‌ಸ್ಟರ್ ಹಾಡುಗಳ ಹಂಚಿಕೆಯನ್ನು ಮನೆಮಾತಾಗಿಸಿತು. ಹಕ್ಕುಸ್ವಾಮ್ಯದ ವ್ಯಾಜ್ಯದಲ್ಲಿ ಸಿಲುಕಿ 2001ರಲ್ಲಿ ನಿಂತುಹೋಯಿತು. ಅದೇ ವರ್ಷ ಆ್ಯಪಲ್ ಸಂಸ್ಥೆಯ ಐಪಾಡ್ ಬಂದಿತು. 2008ರಲ್ಲಿ ಸ್ವೀಡನ್ನಿನ ಸ್ಪಾಟಿಫೈ ತನ್ನ ಸೇವೆಯನ್ನು ಆರಂಭಿಸಿತು.

ನಮ್ಮ ಕಡೆ ಈ ಇತಿಹಾಸ ಬೇರೆಯ ಹಾದಿಯಲ್ಲಿ ನಡೆಯಿತು. ಕ್ಯಾಸೆಟ್ಟಿನಿಂದ ಕನ್ನಡ ಕೇಳುಗ ನೇರವಾಗಿ ಬಂದದ್ದು ಮೆಮೊರಿ ಕಾರ್ಡಿಗೆ. ಪೇಟೆಯ ಮೊಬೈಲ್ ಅಂಗಡಿಗೆ ಹೋಗಿ, ಅಲ್ಪಸ್ವಲ್ಪ ಹಣ ಕೊಟ್ಟು, ಕಾರ್ಡಿನ ತುಂಬ ರಾಜ್‌ಕುಮಾರ್ ಹಾಡುಗಳನ್ನೋ ಭಕ್ತಿಗೀತೆಗಳನ್ನೋ ಹಾಕಿಸಿಕೊಂಡು ಬರುವುದು ಸುಮಾರು ಹತ್ತು ವರ್ಷ ಕಾಲ ಹಳ್ಳಿ ಪಟ್ಟಣಗಳಲ್ಲಿ ಸರ್ವೇಸಾಮಾನ್ಯವಾಗಿತ್ತು. ಆ ನಕಲುಗಳಲ್ಲಿ ಬಹುಪಾಲು ಹಕ್ಕುದಾರರ ಒಪ್ಪಿಗೆಯಿಲ್ಲದವು ಎಂಬುದನ್ನು ಮರೆಯುವಂತಿಲ್ಲ. ಆದರೆ ಕೇಳುಗನ ಪಾಲಿಗೆ ಆ ಕಾರ್ಡು ಅವನದೇ ಆಸ್ತಿಯಾಗಿತ್ತು. ಫೋನ್ ಕೆಟ್ಟರೆ ಕಾರ್ಡನ್ನು ತೆಗೆದು ಇನ್ನೊಂದಕ್ಕೆ ಹಾಕಿದರೆ ಆಯಿತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಸೇವೆ ಆರಂಭವಾಗಿ ಅಂತರ್ಜಾಲದ ದರ ಕುಸಿದ ಮೇಲೆ ಈ ವ್ಯವಹಾರ ಮೆಲ್ಲಮೆಲ್ಲನೆ ಮರೆಯಾಯಿತು.

ಕಾರ್ಯವಿಧಾನ

ಸ್ಟ್ರೀಮಿಂಗಿನಲ್ಲಿ ಹಾಡು ಸಣ್ಣ ಸಣ್ಣ ತುಣುಕುಗಳಾಗಿ ಬರುತ್ತದೆ. ಫೋನು ಮುಂದಿನ ಕೆಲವು ತುಣುಕುಗಳನ್ನು ಮೊದಲೇ ತರಿಸಿಟ್ಟುಕೊಳ್ಳುವುದರಿಂದ ಸಂಪರ್ಕ ಅರೆಕ್ಷಣ ಕಡಿದರೂ ಹಾಡು ನಿಲ್ಲುವುದಿಲ್ಲ. ಸಂಪರ್ಕ ದುರ್ಬಲವಾದಾಗ ಸೇವೆಯು ತಾನಾಗಿಯೇ ಕಡಿಮೆ ಗುಣಮಟ್ಟದ ತುಣುಕುಗಳನ್ನು ಕಳಿಸುತ್ತದೆ. ಘಾಟಿ ರಸ್ತೆಯಲ್ಲಿ ಬಸ್ಸು ಇಳಿಯುವಾಗ ಹಾಡು ಒಮ್ಮೆಲೇ ಮಂಕಾದಂತೆ ಕೇಳುವುದಕ್ಕೆ ಇದೇ ಕಾರಣ.

ಗುಣಮಟ್ಟವನ್ನು ಅಳೆಯುವ ಒಂದು ಮಾನ ಬಿಟ್ ದರ, ಎಂದರೆ ಒಂದು ಸೆಕೆಂಡಿಗೆ ಹರಿಯುವ ಮಾಹಿತಿಯ ಪ್ರಮಾಣ. ಸಿ.ಡಿ.ಯಲ್ಲಿ ಇದು ಸೆಕೆಂಡಿಗೆ 1,411 ಕಿಲೋಬಿಟ್. ಸ್ಟ್ರೀಮಿಂಗ್ ಸೇವೆಗಳಲ್ಲಿ ಸಾಮಾನ್ಯವಾಗಿ 96, 160 ಅಥವಾ 320 ಕಿಲೋಬಿಟ್. ಇದರ ಲೆಕ್ಕ ಸುಲಭ: 160 ಕಿಲೋಬಿಟ್ ದರದಲ್ಲಿ ಒಂದು ನಿಮಿಷದ ಸಂಗೀತಕ್ಕೆ ಸುಮಾರು 1.2 ಮೆಗಾಬೈಟ್ ಬೇಕು. ಐದು ನಿಮಿಷದ ಹಾಡಿಗೆ 6 ಮೆಗಾಬೈಟ್, ಒಂದು ಗಂಟೆಗೆ 72 ಮೆಗಾಬೈಟ್. ದಿನಕ್ಕೆ 1.5 ಗಿಗಾಬೈಟ್ ಇರುವ ಯೋಜನೆಯಲ್ಲಿ ಹಾಡನ್ನಷ್ಟೇ ಕೇಳಿದರೆ ಇಪ್ಪತ್ತು ಗಂಟೆಯ ಮೇಲೂ ಸಾಲುತ್ತದೆ. ಆದುದರಿಂದ ‘ಹಾಡು ಕೇಳಿದರೆ ಡೇಟಾ ಮುಗಿದುಹೋಗುತ್ತದೆ’ ಎಂಬ ಹಿರಿಯರ ಭಯಕ್ಕೆ ಈಗ ಹೆಚ್ಚಿನ ಆಧಾರವಿಲ್ಲ. ಡೇಟಾವನ್ನು ನುಂಗುವುದು ಹಾಡಿನ ವಿಡಿಯೋ. ಯೂಟ್ಯೂಬಿನಲ್ಲಿ ಚಿತ್ರ ಓಡುತ್ತಿರಲು ಬಿಟ್ಟು ಹಾಡನ್ನು ಮಾತ್ರ ಕೇಳುವವರು ಬೇಡದ ಚಿತ್ರಕ್ಕೂ ಬೆಲೆ ತೆರುತ್ತಿರುತ್ತಾರೆ.

320 ಕಿಲೋಬಿಟ್ ದರದ ಹಾಡಿಗೂ ಸಿ.ಡಿ.ಗೂ ವ್ಯತ್ಯಾಸ ಗುರುತಿಸುವುದು ಬಹುತೇಕ ಕಿವಿಗಳಿಗೆ ಕಷ್ಟ. ಏನನ್ನೂ ಬಿಡದೆ ಸಂಕೋಚಿಸಿದ, ನಷ್ಟರಹಿತ ಎನ್ನಲಾಗುವ ಧ್ವನಿಯನ್ನು ಆ್ಯಪಲ್ ಮ್ಯೂಸಿಕ್ 2021ರಲ್ಲಿ ಹೆಚ್ಚಿನ ಶುಲ್ಕವಿಲ್ಲದೆ ಕೊಡತೊಡಗಿತು. ಆದರೆ ಸಾಮಾನ್ಯ ಬ್ಲೂಟೂತ್ ಇಯರ್‌ಫೋನ್ ಧ್ವನಿಯನ್ನು ಮತ್ತೊಮ್ಮೆ ಸಂಕೋಚಿಸಿಯೇ ಕಿವಿಗೆ ಮುಟ್ಟಿಸುವುದರಿಂದ, ತಂತಿಯಿಲ್ಲದೆ ಕೇಳುವವರಿಗೆ ಆ ಸೂಕ್ಷ್ಮತೆ ಪೂರ್ಣವಾಗಿ ದಕ್ಕುವುದಿಲ್ಲ. ದುಬಾರಿ ಯೋಜನೆಗೆ ಹಣ ಕೊಟ್ಟು ಅಗ್ಗದ ಇಯರ್‌ಫೋನಿನಲ್ಲಿ ಕೇಳುವುದು ಬೆಳ್ಳಿ ಲೋಟದಲ್ಲಿ ನೀರುಮಜ್ಜಿಗೆ ಕುಡಿದಂತೆ. ತಪ್ಪೇನಲ್ಲ, ಲೋಟದಿಂದ ಮಜ್ಜಿಗೆ ಗಟ್ಟಿಯಾಗದು ಅಷ್ಟೆ.

ಫೋನಿನ ಸೌಲಭ್ಯಗಳು: ಮೆಚ್ಚುಗೆ ಮತ್ತು ಅಸಮಾಧಾನ

ಸಂಗೀತಪ್ರಿಯ ಬಳಕೆದಾರರ ನಡುವೆ ಅತಿ ಹೆಚ್ಚು ಚರ್ಚೆಗೆ ಒಳಗಾದ ಸಂಗತಿ ಇಯರ್‌ಫೋನ್ ಸಿಕ್ಕಿಸುವ 3.5 ಮಿಲಿಮೀಟರ್ ರಂಧ್ರದ್ದು. ಇದರ ಮೂಲಪುರುಷ 6.35 ಮಿಲಿಮೀಟರಿನ ಪ್ಲಗ್. 19ನೆಯ ಶತಮಾನದ ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಕರೆಗಳನ್ನು ಜೋಡಿಸಲು ಬಳಸುತ್ತಿದ್ದ ಸಾಧನವದು. ಅದರ ಕಿರಿಯ ರೂಪವು ಟ್ರಾನ್ಸಿಸ್ಟರ್ ರೇಡಿಯೋಗಳಲ್ಲಿಯೂ, 1979ರಲ್ಲಿ ಬಂದ ಸೋನಿ ವಾಕ್‌ಮನ್‌ನಲ್ಲಿಯೂ ನೆಲೆನಿಂತಿತು. ಯಾವ ಕಂಪನಿಯ ಇಯರ್‌ಫೋನಾದರೂ ಯಾವ ಯಂತ್ರಕ್ಕಾದರೂ ಹೊಂದುತ್ತಿದ್ದ ಈ ಸಾರ್ವತ್ರಿಕ ಕೊಂಡಿಯನ್ನು 2016ರ ಸೆಪ್ಟೆಂಬರಿನಲ್ಲಿ ಆ್ಯಪಲ್ ತನ್ನ ಐಫೋನ್ 7ರಿಂದ ತೆಗೆದುಹಾಕಿತು. ಈ ನಿರ್ಧಾರಕ್ಕೆ ‘ಧೈರ್ಯ’ ಎಂಬ ಪದವನ್ನು ವೇದಿಕೆಯ ಮೇಲೆ ಬಳಸಿದ್ದು ಲೋಕದಾದ್ಯಂತ ಗೇಲಿಗೆ ಗುರಿಯಾಯಿತು. ಅದೇ ವರ್ಷ ಕೆಲವು ಆಂಡ್ರಾಯ್ಡ್ ಫೋನುಗಳೂ ಈ ರಂಧ್ರವಿಲ್ಲದೆ ಬಂದಿದ್ದವು; ಟೀಕೆಯೆಲ್ಲ ದೊಡ್ಡ ಹೆಸರಿಗೇ ಬಂದಿತು. ಗೂಗಲ್ 2016ರಲ್ಲಿ ತನ್ನ ಪಿಕ್ಸೆಲ್ ಫೋನಿನಲ್ಲಿ ಈ ರಂಧ್ರ ಉಂಟೆಂದು ಜಾಹೀರಾತಿನಲ್ಲಿ ಹೆಮ್ಮೆಪಟ್ಟು, ಮರುವರ್ಷ ಪಿಕ್ಸೆಲ್ 2ರಿಂದ ಅದನ್ನು ತೆಗೆಯಿತು. ಸ್ಯಾಮ್‌ಸಂಗ್ 2019ರ ನೋಟ್ 10ರಲ್ಲಿ ಅದೇ ದಾರಿ ಹಿಡಿಯಿತು.

ತಯಾರಕರು ಕೊಡುವ ಕಾರಣಗಳು ಒಳಗಿನ ಜಾಗದ ಉಳಿತಾಯ, ದೊಡ್ಡ ಬ್ಯಾಟರಿಗೆ ಅವಕಾಶ, ನೀರಿನಿಂದ ರಕ್ಷಣೆ ಎಂಬಂಥವು. ಬಳಕೆದಾರರ ಆಕ್ಷೇಪಗಳು ಹೆಚ್ಚು ನೆಲದ ಮೇಲಿನವು. ತಂತಿಯ ಇಯರ್‌ಫೋನಿಗೆ ಚಾರ್ಜ್ ಬೇಕಿಲ್ಲ, ಕಳೆದುಹೋಗುವುದು ಅಪರೂಪ, ಹಾಳಾದರೆ ಕಡಿಮೆ ಬೆಲೆಗೆ ಇನ್ನೊಂದು ಸಿಗುತ್ತದೆ. ತಂತಿರಹಿತ ಇಯರ್‌ಬಡ್ಡುಗಳಲ್ಲಿ ಒಂದು ಕಿವಿಯದು ಬಿದ್ದುಹೋದರೆ ಜೋಡಿಯೇ ನಿರರ್ಥಕ; ಒಳಗಿನ ಪುಟ್ಟ ಬ್ಯಾಟರಿಯನ್ನು ಸಾಮಾನ್ಯವಾಗಿ ಬದಲಾಯಿಸಲು ಬರುವುದಿಲ್ಲವಾದ್ದರಿಂದ ಕೆಲವು ವರ್ಷಗಳಲ್ಲಿ ಅದು ಕಸವಾಗುತ್ತದೆ. ಪಡೆಯುವವರ ವಾದವೂ ಬಲವಾದದ್ದೇ: ಬಸ್ಸಿನ ನೂಕುನುಗ್ಗಲಿನಲ್ಲಿ ತಂತಿ ಸಿಕ್ಕಿಕೊಳ್ಳುವ ಕಾಟವಿಲ್ಲ, ಅಡುಗೆ ಮಾಡುತ್ತಲೇ, ಹೊಲದಲ್ಲಿ ಓಡಾಡುತ್ತಲೇ ಕೇಳಬಹುದು. ಈಚಿನ ಇಯರ್‌ಬಡ್ಡುಗಳಲ್ಲಿ ಹೊರಗಿನ ಸದ್ದನ್ನು ಅಳಿಸುವ ಸೌಲಭ್ಯವೂ ಇರುತ್ತದೆ. ರಸ್ತೆ ದಾಟುವಾಗ ಅದೇ ಸೌಲಭ್ಯ ಅಪಾಯಕ್ಕೆ ಕಾರಣವಾಗಬಲ್ಲದು ಎಂಬುದನ್ನೂ ಸೇರಿಸಿ ಹೇಳಬೇಕು. ಕಡಿಮೆ ಬೆಲೆಯ ಅನೇಕ ಫೋನುಗಳಲ್ಲಿ 3.5 ಮಿಲಿಮೀಟರ್ ರಂಧ್ರ ಇಂದಿಗೂ ಉಳಿದಿದೆ. ಐಷಾರಾಮಿ ಫೋನಿನಲ್ಲಿ ಇಲ್ಲದ ಅನುಕೂಲ ಸಾಮಾನ್ಯನ ಫೋನಿನಲ್ಲಿ ಇರುವುದು ಈ ಕ್ಷೇತ್ರದ ಒಂದು ಸೋಜಿಗ.

ಆ ರಂಧ್ರದೊಡನೆ ಎಫ್.ಎಂ. ರೇಡಿಯೋ ಕೂಡ ಹೊರಟುಹೋಯಿತು. ಫೋನಿನಲ್ಲಿ ಎಫ್.ಎಂ. ಕೇಳಲು ಇಯರ್‌ಫೋನಿನ ತಂತಿಯೇ ಆ್ಯಂಟೆನಾ ಆಗಿ ಕೆಲಸ ಮಾಡುತ್ತದೆ. ತಂತಿಯಿಲ್ಲದೆ ತರಂಗವನ್ನು ಹಿಡಿಯುವುದು ಕಷ್ಟ. ಡೇಟಾ ಬೇಡದ, ಚಂದಾ ಬೇಡದ, ಟವರ್ ಬಿದ್ದುಹೋದಾಗಲೂ ಕೇಳಬಹುದಾದ ಮಾಧ್ಯಮ ಅದು. 2023ರ ಏಪ್ರಿಲಿನಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು, ಫೋನುಗಳಲ್ಲಿ ಎಫ್.ಎಂ. ಸೌಲಭ್ಯವನ್ನು ನಿಷ್ಕ್ರಿಯಗೊಳಿಸದೆ ಒದಗಿಸಬೇಕೆಂದು ತಯಾರಕರಿಗೆ ಸಲಹೆ ನೀಡಿತು. ವಿಪತ್ತಿನ ಕಾಲದಲ್ಲಿ ರೇಡಿಯೋದ ಪ್ರಯೋಜನವನ್ನು ಅದರಲ್ಲಿ ಎತ್ತಿಹೇಳಲಾಗಿತ್ತು. ಆಕಾಶವಾಣಿಯನ್ನು ಈಗ ಆ್ಯಪಿನ ಮೂಲಕ ಅಂತರ್ಜಾಲದಲ್ಲಿಯೂ ಕೇಳಬಹುದು. ದೂರದೂರಿನಲ್ಲಿರುವ ಕನ್ನಡಿಗರಿಗೆ ಇದು ವರದಾನ. ತಮ್ಮೂರಿನ ಕೇಂದ್ರದ ಬೆಳಗಿನ ಭಕ್ತಿಗೀತೆಯನ್ನು ವಿದೇಶದಲ್ಲಿ ಕುಳಿತು ಕೇಳುವುದು ಹಿಂದೆ ಊಹೆಗೂ ಮೀರಿದ್ದಾಗಿತ್ತು.

ಮೆಮೊರಿ ಕಾರ್ಡಿನ ಕಿಂಡಿಯೂ ಅನೇಕ ಫೋನುಗಳಿಂದ ಮಾಯವಾಗುತ್ತಿದೆ. ಬ್ಯಾಟರಿಯ ವಿಷಯದಲ್ಲಿ ಹೆಚ್ಚಿನ ದೂರುಗಳಿಲ್ಲ. ಪರದೆ ಆರಿರುವಾಗ ಹಾಡು ಬಹಳ ಕಡಿಮೆ ವಿದ್ಯುತ್ತನ್ನು ಬಳಸುತ್ತದೆ.

ಸಂಗೀತಾಭ್ಯಾಸಿಗಳ ಅನುಭವವನ್ನು ಪ್ರತ್ಯೇಕವಾಗಿ ಹೇಳಬೇಕು. ಬೆಂಗಳೂರಿನ ರಾಡೆಲ್ ಸಂಸ್ಥೆಯ ಜಿ. ರಾಜ್ ನಾರಾಯಣ್ ಅವರು ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಎಷ್ಟೋ ಮನೆಗಳ ಪಾಠಕ್ಕೆ ಶ್ರುತಿ ಒದಗಿಸಿತ್ತು. ಇಂದು ಆ ಕೆಲಸವನ್ನು ಫೋನಿನ ತಂಬೂರಿ ಆ್ಯಪ್ ಮಾಡುತ್ತಿದೆ. ಬೇಕಾದ ಶ್ರುತಿಯನ್ನು ಕ್ಷಣಾರ್ಧದಲ್ಲಿ ಹೊಂದಿಸಬಹುದು ಎಂಬುದು ಮೆಚ್ಚುಗೆ. ಫೋನಿನ ಕಿರುಧ್ವನಿವರ್ಧಕವು ಮಂದ್ರಸ್ಥಾಯಿಯ ನಾದವನ್ನು ಸರಿಯಾಗಿ ಹೊರಡಿಸಲಾರದು, ಆಲಾಪನೆಯ ನಡುವೆ ಕರೆ ಬಂದರೆ ಶ್ರುತಿಯೇ ನಿಂತುಹೋಗುತ್ತದೆ ಎಂಬುದು ದೂರು. ಮೊದಲನೆಯದಕ್ಕೆ ಹೊರಗಿನ ಸ್ಪೀಕರ್, ಎರಡನೆಯದಕ್ಕೆ ಏರೋಪ್ಲೇನ್ ಮೋಡ್ ಪರಿಹಾರ.

ಕಿವಿಯ ಆರೋಗ್ಯ ಕಡೆಗಣಿಸುವಂಥದಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶನದಂತೆ ವಯಸ್ಕರು 80 ಡೆಸಿಬೆಲ್ ಮಟ್ಟದ ಧ್ವನಿಯನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. ಮಕ್ಕಳಿಗೆ ಈ ಮಿತಿ 75 ಡೆಸಿಬೆಲ್. ಧ್ವನಿ 3 ಡೆಸಿಬೆಲ್ ಏರಿದರೆ ಶಬ್ದಶಕ್ತಿ ಇಮ್ಮಡಿಯಾಗುವುದರಿಂದ ಕೇಳಬಹುದಾದ ಅವಧಿ ಅರ್ಧಕ್ಕಿಳಿಯುತ್ತದೆ. ಫೋನು ಧ್ವನಿ ಹೆಚ್ಚಿಸುವಾಗ ತೋರಿಸುವ ಎಚ್ಚರಿಕೆಯನ್ನು ಕಿರಿಕಿರಿಯೆಂದು ಬಗೆಯುವವರೇ ಹೆಚ್ಚು.

ಉಚಿತ ಸೇವೆ ಮತ್ತು ಚಂದಾ

ಭಾರತದಲ್ಲಿ ಸ್ಪಾಟಿಫೈ 2019ರ ಫೆಬ್ರುವರಿಯಲ್ಲಿ, ಯೂಟ್ಯೂಬ್ ಮ್ಯೂಸಿಕ್ ಅದರ ಮರುತಿಂಗಳು ಆರಂಭವಾದವು. ಅದಕ್ಕೂ ಮುನ್ನವೇ ಸಾವನ್, ಗಾನಾ, ವಿಂಕ್ ಮುಂತಾದ ದೇಶೀಯ ಸೇವೆಗಳು ಬೇರೂರಿದ್ದವು. ಎಲ್ಲವೂ ಮೊದಮೊದಲು ಧಾರಾಳವಾಗಿ ಉಚಿತ ಸಂಗೀತವನ್ನು ಹಂಚಿದವು. ಬಳಿಕ ಒಂದೊಂದಾಗಿ ಕೈ ಬಿಗಿಹಿಡಿದವು. ಗಾನಾ 2022ರಲ್ಲಿ ಚಂದಾದಾರರಿಗಷ್ಟೇ ಮೀಸಲಾಯಿತು. ಸ್ಪಾಟಿಫೈ 2023ರ ಅಕ್ಟೋಬರಿನಲ್ಲಿ ಭಾರತದ ಉಚಿತ ಬಳಕೆದಾರರಿಗೆ ಮಿತಿಗಳನ್ನು ಹೇರಿತು: ಹಾಡುಗಳನ್ನು ಕ್ರಮವಾಗಿ ಕೇಳುವುದು, ಹಾಡಿನೊಳಗೆ ಹಿಂದೆ ಮುಂದೆ ಸರಿಸುವುದು, ಅದೇ ಹಾಡನ್ನು ಮತ್ತೆ ಮತ್ತೆ ಹಾಕುವುದು ಚಂದಾದಾರರ ಸೌಲಭ್ಯಗಳಾದವು. ಯೂಟ್ಯೂಬಿನ ಉಚಿತ ರೂಪದಲ್ಲಿ ಪರದೆ ಆರಿಸಿದರೆ ಹಾಡು ನಿಲ್ಲುತ್ತದೆ.

ಉಚಿತ ಬಳಕೆದಾರರ ಅತಿ ಸಾಮಾನ್ಯವಾದ ದೂರು ಜಾಹೀರಾತಿನ ಸಂಖ್ಯೆಯಲ್ಲ, ಅದರ ಅಕಾಲ. ಸುಪ್ರಭಾತಕ್ಕೂ ಅದರ ಮುಂದಿನ ಸ್ತೋತ್ರಕ್ಕೂ ನಡುವೆ ಏರುದನಿಯಲ್ಲಿ ಆಟದ ಆ್ಯಪೊಂದರ ಪ್ರಚಾರ ಬಂದರೆ ಪೂಜೆಯ ಮನೆಯಲ್ಲಿ ಕುಳಿತವರಿಗೆ ರಸಭಂಗವಾಗುತ್ತದೆ. ಲಾಲಿಹಾಡು ಹಾಕಿ ಮಗುವನ್ನು ಮಲಗಿಸಿದ ತಾಯಂದಿರ ಪಾಡೂ ಇದೇ. ಚಂದಾ ಕೊಟ್ಟವರ ಮುಖ್ಯ ಸಮಾಧಾನವೂ ಇಲ್ಲಿಯೇ ಇದೆ. ಎರಡನೆಯದು, ಹಾಡುಗಳನ್ನು ಇಳಿಸಿಕೊಂಡು ಸಂಪರ್ಕವಿಲ್ಲದೆಡೆ ಕೇಳುವ ಅನುಕೂಲ. ಮಲೆನಾಡಿನ ಊರುಗಳವರಿಗೆ, ರೈಲಿನಲ್ಲಿ ಸುರಂಗಗಳ ಸಾಲನ್ನು ದಾಟುವವರಿಗೆ ಇದೇ ದೊಡ್ಡ ಆಕರ್ಷಣೆ.

ಮನೆಗೊಂದೇ ಖಾತೆ ಇಟ್ಟುಕೊಂಡಿರುವಲ್ಲಿ ಇನ್ನೊಂದು ಸಮಸ್ಯೆಯಿದೆ. ಸೇವೆಯು ಕೇಳಿದ ಹಾಡುಗಳನ್ನು ನೋಡಿ ಮುಂದಿನದನ್ನು ಸೂಚಿಸುತ್ತದೆ. ಅಜ್ಜಿಯ ದೇವರನಾಮ, ಮೊಮ್ಮಗನ ರ‍್ಯಾಪ್, ಅಪ್ಪನ ಹಳೆಯ ಹಿಂದಿ ಹಾಡು ಒಂದೇ ಖಾತೆಯಲ್ಲಿ ಬೆರೆತಾಗ ಅದು ಸೂಚಿಸುವ ಪಟ್ಟಿ ಯಾರಿಗೂ ಹಿಡಿಸುವುದಿಲ್ಲ. ಒಬ್ಬರೇ ಕೇಳುವಲ್ಲಿಯೂ ಸೂಚನೆಗಳು ಬೇಗ ಏಕತಾನವಾಗುತ್ತವೆ ಎಂಬ ಮಾತಿದೆ. ರೇಡಿಯೋದಲ್ಲಿ ಬೇಡದ ಹಾಡಿನ ನಂತರ ಅನಿರೀಕ್ಷಿತವಾಗಿ ಬರುತ್ತಿದ್ದ ಒಳ್ಳೆಯ ಹಾಡಿನ ಸುಖ ಇಲ್ಲಿ ವಿರಳ.

ಕಾಣೆಯಾಗುವ ಹಾಡುಗಳು

ಚಂದಾ ಎಂಬುದು ಬಾಡಿಗೆಯೇ ಹೊರತು ಕ್ರಯವಲ್ಲ ಎಂಬ ಅರಿವು ಬಳಕೆದಾರರಿಗೆ ಬರುವುದು ಸಾಮಾನ್ಯವಾಗಿ ಹಾಡೊಂದು ಕಾಣೆಯಾದಾಗ. ಸೇವೆಗೂ ಧ್ವನಿಮುದ್ರಣದ ಹಕ್ಕುದಾರರಿಗೂ ಒಪ್ಪಂದ ಮುರಿದರೆ ಹಾಡುಗಳು ರಾತ್ರೋರಾತ್ರಿ ಮರೆಯಾಗುತ್ತವೆ. ಇಳಿಸಿಕೊಂಡ ಪ್ರತಿಗಳೂ ತೆರೆಯುವುದಿಲ್ಲ. 2019ರಲ್ಲಿ ಸರೆಗಮ ಸಂಸ್ಥೆ ಸ್ಪಾಟಿಫೈ ವಿರುದ್ಧ ದೆಹಲಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು, ಅದರ ಹಾಡುಗಳು ಸ್ಪಾಟಿಫೈಯಿಂದ ಹೊರಬಿದ್ದವು. 2020ರಲ್ಲಿ ಒಪ್ಪಂದವಾದ ಮೇಲೆ ಮರಳಿದವು. ಸರೆಗಮ ಎಂದರೆ ಹಿಂದಿನ ಎಚ್.ಎಂ.ವಿ. ಮುದ್ರೆಯ ಗ್ರಾಮಫೋನ್ ಕಂಪನಿ. ಹಳೆಯ ಕನ್ನಡ ಚಿತ್ರಗೀತೆಗಳ ದೊಡ್ಡ ಸಂಗ್ರಹ ಅದರ ಬಳಿಯಿದೆ. ಹೀಗಾಗಿ ಆ ಅವಧಿಯಲ್ಲಿ ಹೊಸ ಹಾಡುಗಳು ಸಿಗುತ್ತಿದ್ದ ಭಂಡಾರದಲ್ಲಿ ಹಳೆಯ ಹಾಡುಗಳ ಜಾಗ ಖಾಲಿಯಾಗಿತ್ತು. 2023ರ ಮಾರ್ಚಿನಲ್ಲಿ ಜೀ ಮ್ಯೂಸಿಕ್ ಹಾಡುಗಳಿಗೂ ಇದೇ ಗತಿಯಾಗಿ, ಮುಂದೆ ಸರಿಹೋಯಿತು.

ಬಾನುಲಿ ಕೇಂದ್ರಗಳಿಗೆ ಕಾನೂನು ಕಲ್ಪಿಸಿರುವ ಶಾಸನಬದ್ಧ ಪರವಾನಗಿಯ ಸೌಲಭ್ಯವನ್ನು ತಾವೂ ಪಡೆಯಬಹುದೆಂದು ಅಂತರ್ಜಾಲ ಸೇವೆಗಳು ವಾದಿಸಿದ್ದವು. ಟಿಪ್ಸ್ ಸಂಸ್ಥೆ ಮತ್ತು ವಿಂಕ್ ನಡುವಿನ ಮೊಕದ್ದಮೆಯಲ್ಲಿ ಬಾಂಬೆ ಉಚ್ಚ ನ್ಯಾಯಾಲಯವು 2019ರ ಏಪ್ರಿಲಿನಲ್ಲಿ ಆ ವಾದವನ್ನು ಒಪ್ಪಲಿಲ್ಲ. ಆದುದರಿಂದ ಪ್ರತಿ ಸೇವೆಯೂ ಪ್ರತಿ ಹಕ್ಕುದಾರರೊಡನೆ ಮಾತುಕತೆ ನಡೆಸಿಯೇ ಹಾಡು ಪಡೆಯಬೇಕು.

ಕೆಲವೊಮ್ಮೆ ಹಾಡಲ್ಲ, ಸೇವೆಯೇ ಮುಚ್ಚಿಹೋಗುತ್ತದೆ. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಕೊನೆಗೊಂಡಿತು. ರೆಸ್ಸೊ 2024ರ ಜನವರಿಯಲ್ಲಿ ಭಾರತದಲ್ಲಿ ನಿಂತಿತು. 2014ರಲ್ಲಿ ಆರಂಭವಾಗಿದ್ದ ಏರ್‌ಟೆಲಿನ ವಿಂಕ್ ಮ್ಯೂಸಿಕ್ ಅನ್ನು ಮುಚ್ಚುವುದಾಗಿ 2024ರ ಆಗಸ್ಟಿನಲ್ಲಿ ಪ್ರಕಟವಾಯಿತು. ಹಾಡುಗಳು ಬೇರೆಡೆ ಸಿಕ್ಕಾವು. ಆದರೆ ಮಗಳ ಮದುವೆಗೆಂದು ಜೋಡಿಸಿದ್ದ ಪಟ್ಟಿ, ತೀರಿಹೋದವರು ಮೆಚ್ಚಿ ಗುರುತು ಮಾಡಿಟ್ಟ ಹಾಡುಗಳ ಸಾಲು, ಇವುಗಳನ್ನು ಬೇರೆ ಸೇವೆಗೆ ಸಾಗಿಸುವುದು ಎಲ್ಲರಿಗೂ ತಿಳಿದ ವಿದ್ಯೆಯಲ್ಲ. ಹೊರದೇಶಗಳಲ್ಲಿರುವ ಕನ್ನಡಿಗರಿಗೆ ಮತ್ತೊಂದು ತೊಡಕು: ಪರವಾನಗಿಗಳು ದೇಶವಾರು ಆಗಿರುವುದರಿಂದ ಇಲ್ಲಿ ಕೇಳುತ್ತಿದ್ದ ಹಾಡು ಅಲ್ಲಿ ಬೂದುಬಣ್ಣಕ್ಕೆ ತಿರುಗಿ ಮೌನವಾಗಿರುತ್ತದೆ. 2017ರಲ್ಲಿ ಸರೆಗಮ ಹೊರತಂದ ಕಾರವಾನ್ ಎಂಬ, ಹಾಡುಗಳನ್ನು ಮೊದಲೇ ತುಂಬಿಟ್ಟ ಪೆಟ್ಟಿಗೆಯು ಹಿರಿಯರಿಗೆ ಅಷ್ಟು ಹಿಡಿಸಿದ್ದಕ್ಕೆ ಕಾರಣ ಹಳೆಯ ರೇಡಿಯೋದ ಆಕಾರ ಮಾತ್ರವಲ್ಲ. ಅದರೊಳಗಿನ ಹಾಡು ಎಲ್ಲಿಗೂ ಹೋಗುವುದಿಲ್ಲ ಎಂಬ ಭರವಸೆಯೂ ಹೌದು.

ಕನ್ನಡ ಹಾಡುಗಳ ಹುಡುಕಾಟ

ಕನ್ನಡ ಕೇಳುಗರ ಮಟ್ಟಿಗೆ ಅತಿ ದೊಡ್ಡ ಕೊರತೆ ಧ್ವನಿಯದಲ್ಲ, ಹೆಸರಿನದು. ಪ್ರತಿ ಹಾಡಿನ ಕಡತದೊಡನೆ ಶೀರ್ಷಿಕೆ, ಗಾಯಕ, ಆಲ್ಬಂ, ವರ್ಷ ಮೊದಲಾದ ವಿವರಗಳು ಇರುತ್ತವೆ. ಹುಡುಕಾಟವೆಲ್ಲ ಇವುಗಳನ್ನೇ ಅವಲಂಬಿಸಿದೆ. ಕನ್ನಡ ಹಾಡುಗಳಲ್ಲಿ ಈ ವಿವರಗಳು ಬಹುಮಟ್ಟಿಗೆ ರೋಮನ್ ಲಿಪಿಯಲ್ಲಿವೆ. ದೀರ್ಘಸ್ವರವನ್ನು ಒಬ್ಬರು ಎರಡು ಅಕ್ಷರದಿಂದ ಬರೆದರೆ ಇನ್ನೊಬ್ಬರು ಒಂದರಿಂದಲೇ ಮುಗಿಸುತ್ತಾರೆ. ಲಕಾರ ಳಕಾರಗಳಿಗೆ, ನಕಾರ ಣಕಾರಗಳಿಗೆ ಭೇದವೇ ಉಳಿಯುವುದಿಲ್ಲ. ‘ಬಾಳು’ ಎಂದು ಹುಡುಕುವವನಿಗೆ ‘ಬಲು’ ಸಿಗುತ್ತದೆ. ರಾಜ್‌ಕುಮಾರ್ ಎಂದು ಹುಡುಕಿದರೆ ಆ ಹೆಸರಿನ ಹಿಂದಿ ನಟನ ಚಿತ್ರಗಳ ಹಾಡುಗಳೂ ಬೆರೆತು ಬರಬಹುದು. 2022ರಲ್ಲಿ ಸ್ಪಾಟಿಫೈ ತನ್ನ ಆ್ಯಪಿನ ಗುಂಡಿಗಳನ್ನೂ ಸೂಚನೆಗಳನ್ನೂ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಒದಗಿಸಿತು. ಸ್ವಾಗತಾರ್ಹವೇ; ಆದರೆ ಮನೆಯ ಫಲಕ ಕನ್ನಡವಾದರೂ ಒಳಗಿನ ಪೆಟ್ಟಿಗೆಗಳ ಮೇಲಿನ ಚೀಟಿಗಳು ಮೊದಲಿನಂತೆಯೇ ಇವೆ. ಹಾಡಿನ ಸಾಹಿತ್ಯವನ್ನು ಪರದೆಯ ಮೇಲೆ ತೋರಿಸುವ ಸೌಲಭ್ಯದಲ್ಲಿಯೂ ಎಷ್ಟೋ ಕಡೆ ಕನ್ನಡ ಪದಗಳು ರೋಮನ್ ಲಿಪಿಯಲ್ಲಿ, ಎಷ್ಟೋ ಕಡೆ ತಪ್ಪಾಗಿ ಕಾಣಿಸಿಕೊಳ್ಳುತ್ತವೆ.

ಇದಕ್ಕಿಂತ ಗಂಭೀರವಾದದ್ದು ಕವಿಯ ಹೆಸರಿನ ಲೋಪ. ಸೇವೆಗಳ ವ್ಯವಸ್ಥೆಯು ಪಾಶ್ಚಾತ್ಯ ಜನಪ್ರಿಯ ಸಂಗೀತವನ್ನು ಕಣ್ಮುಂದೆ ಇಟ್ಟುಕೊಂಡು ರೂಪುಗೊಂಡದ್ದು. ಅಲ್ಲಿ ‘ಕಲಾವಿದ’ ಎಂದರೆ ಹಾಡುವವನು; ಹಲವು ವೇಳೆ ಬರೆದವನೂ ಅವನೇ. ಕನ್ನಡದ ಭಾವಗೀತೆಯ ಸಂಪ್ರದಾಯ ಇದಕ್ಕೆ ವ್ಯತಿರಿಕ್ತವಾದದ್ದು. 1978ರಲ್ಲಿ ಬಂದ ‘ನಿತ್ಯೋತ್ಸವ’ ಧ್ವನಿಸುರುಳಿಯನ್ನು ಜನ ನೆನೆಯುವುದು ಕವಿ ಕೆ.ಎಸ್. ನಿಸಾರ್ ಅಹಮದ್, ಸಂಗೀತ ಸಂಯೋಜಕ ಮೈಸೂರು ಅನಂತಸ್ವಾಮಿ ಇಬ್ಬರ ಹೆಸರಿನಿಂದಲೂ. ಆಕಾಶವಾಣಿಯ ಉದ್ಘೋಷಕರು ರಚನೆ, ಸಂಗೀತ ಸಂಯೋಜನೆ, ಗಾಯನ ಎಂದು ಮೂರನ್ನೂ ಹೇಳುವ ಶಿಸ್ತನ್ನು ರೂಢಿಸಿದ್ದರು. ಕ್ಯಾಸೆಟ್ಟಿನ ಒಳಗಿನ ಮಡಿಕೆ ಹಾಳೆಯಲ್ಲಿಯೂ ಈ ವಿವರ ಇರುತ್ತಿತ್ತು. ಆ್ಯಪಿನ ಪರದೆಯಲ್ಲಿ ಬೇಂದ್ರೆ, ಕುವೆಂಪು, ಜಿ.ಎಸ್. ಶಿವರುದ್ರಪ್ಪ, ಕೆ.ಎಸ್. ನರಸಿಂಹಸ್ವಾಮಿ ಇವರ ಕವಿತೆಗಳು ಬಹಳ ಸಲ ಗಾಯಕರ ಹೆಸರಿನಲ್ಲಷ್ಟೇ ಇರುತ್ತವೆ. ಚಿತ್ರಗೀತೆಗಳಲ್ಲಿಯೂ ಹಾಗೆಯೇ: ‘ಮುಂಗಾರು ಮಳೆ’ಯ ಹಾಡನ್ನು ಕೇಳುವ ಇಂದಿನ ಹುಡುಗನಿಗೆ ಸೋನು ನಿಗಮ್ ಹೆಸರು ಎದುರಿಗೆ ಕಾಣುತ್ತದೆ, ಬರೆದ ಜಯಂತ ಕಾಯ್ಕಿಣಿಯವರ ಹೆಸರಿಗಾಗಿ ಒಳಗಿನ ಪುಟವನ್ನು ತೆರೆದು ಹುಡುಕಬೇಕು, ಅಲ್ಲಿಯೂ ಅದು ಇರುವುದೆಂಬ ಖಾತ್ರಿಯಿಲ್ಲ. ತರಗತಿಯಲ್ಲಿ ಪದ್ಯವನ್ನು ಹಾಡಿಸಿ ಕವಿಪರಿಚಯ ಬರೆಸಿದವರಿಗೆ ಇದು ಸಣ್ಣ ಲೋಪವಾಗಿ ತೋರದು.

ಈ ಸಮಸ್ಯೆಯನ್ನು ಹಿಂದಿನವರು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದ್ದರು. ಬಸವಣ್ಣನವರ ವಚನದಲ್ಲಿ ಕೂಡಲಸಂಗಮದೇವ, ಅಕ್ಕಮಹಾದೇವಿಯ ವಚನದಲ್ಲಿ ಚೆನ್ನಮಲ್ಲಿಕಾರ್ಜುನ, ದಾಸರ ಪದದಲ್ಲಿ ಪುರಂದರ ವಿಠಲ, ಕಾಗಿನೆಲೆಯಾದಿಕೇಶವ ಎಂಬ ಅಂಕಿತಗಳಿವೆ. ಕರ್ತೃವಿನ ಗುರುತು ರಚನೆಯ ಒಡಲಲ್ಲಿಯೇ ಸೇರಿರುವುದರಿಂದ ಯಾರು ಹಾಡಿದರೂ, ಯಾವ ಯಂತ್ರದಲ್ಲಿ ಹಾಡಿದರೂ ಅದು ಉಳಿಯುತ್ತದೆ. ಆಧುನಿಕ ಕವಿಗಳಿಗೆ ಆ ರಕ್ಷಣೆಯಿಲ್ಲ.

ಶಾಸ್ತ್ರೀಯ ಸಂಗೀತದ ಕೇಳುಗರಿಗೆ ಬೇಕಾದ ರಾಗ, ತಾಳ, ವಾಗ್ಗೇಯಕಾರರ ವಿವರಗಳಿಗೆ ಹೆಚ್ಚಿನ ಆ್ಯಪುಗಳಲ್ಲಿ ಪ್ರತ್ಯೇಕ ಸ್ಥಾನವೇ ಇಲ್ಲ. ಯಾರಾದರೂ ಶೀರ್ಷಿಕೆಯಲ್ಲಿಯೇ ರಾಗದ ಹೆಸರನ್ನು ತುರುಕಿದ್ದರೆ ಅದೃಷ್ಟ. ಒಂದು ರಾಗದ ಆಲಾಪನೆ, ಕೃತಿ, ಸ್ವರಪ್ರಸ್ತಾರಗಳನ್ನು ಬೇರೆ ಬೇರೆ ಕಡತಗಳಾಗಿ ಒಡೆದಿದ್ದರೆ ನಡುವೆ ಅರೆಕ್ಷಣದ ಮೌನ ನುಸುಳಿ ತಂಬೂರಿಯ ನಾದ ತುಂಡಾಗುತ್ತದೆ. ಉಚಿತ ಬಳಕೆಯಲ್ಲಿ ಕ್ರಮ ಕಲಸಿಹೋದರೆ ಕೃತಿ ಮೊದಲಾಗಿ ಆಲಾಪನೆ ಕೊನೆಗೆ ಬರುವುದೂ ಉಂಟು. ಚಂದಾದಾರರು ಆ್ಯಪಿನಲ್ಲಿ ಆ ಅನುಕೂಲವಿದ್ದರೆ ಬಿಡುವಿಲ್ಲದ ವಾದನದ ಆಯ್ಕೆಯನ್ನು ಹಾಕಿಕೊಂಡು ಇದನ್ನು ಕೊಂಚಮಟ್ಟಿಗೆ ಸರಿಪಡಿಸಿಕೊಳ್ಳಬಹುದು. ಕಛೇರಿಯ ಪೂರ್ಣ ಧ್ವನಿಮುದ್ರಣವನ್ನು ಒಂದೇ ಕಡತವಾಗಿ ಕೇಳಲು ಅನೇಕರು ಯೂಟ್ಯೂಬನ್ನೇ ನೆಚ್ಚುತ್ತಾರೆ. ಅಲ್ಲಿ ರಸಿಕರು ಟಿಪ್ಪಣಿಗಳಲ್ಲಿ ರಾಗಗಳ ಪಟ್ಟಿಯನ್ನೂ ಸಮಯವನ್ನೂ ಬರೆದಿಡುವ ಒಳ್ಳೆಯ ರೂಢಿಯಿದೆ.

ಕಲಾವಿದರ ಪಾಲು

‘ನಾನು ಕೊಟ್ಟ ಚಂದಾ ನಾನು ಕೇಳಿದ ಗಾಯಕರಿಗೆ ಹೋಗುತ್ತದೆ’ ಎಂದು ಅನೇಕ ಬಳಕೆದಾರರು ನಂಬಿದ್ದಾರೆ. ಪ್ರಚಲಿತ ಪದ್ಧತಿ ಸಾಮಾನ್ಯವಾಗಿ ಹಾಗಿಲ್ಲ. ಎಲ್ಲರ ಹಣವೂ ಒಂದು ಹುಂಡಿಗೆ ಬೀಳುತ್ತದೆ. ಸೇವೆಯು ತನ್ನ ಪಾಲನ್ನು ಇಟ್ಟುಕೊಂಡ ಮೇಲೆ ಉಳಿದದ್ದು, ಒಟ್ಟು ಕೇಳಿಕೆಯಲ್ಲಿ ಯಾರ ಹಾಡುಗಳ ಪಾಲು ಎಷ್ಟೋ ಆ ಅನುಪಾತದಲ್ಲಿ ಹಕ್ಕುದಾರರಿಗೆ ಹಂಚಿಕೆಯಾಗುತ್ತದೆ. ಉದಾಹರಣೆಗೆ, ಒಂದು ಸೇವೆಗೆ ಇಬ್ಬರೇ ಚಂದಾದಾರರಿದ್ದು ತಲಾ 100 ರೂಪಾಯಿ ಕೊಟ್ಟರೆನ್ನೋಣ. ಒಬ್ಬರು ತಿಂಗಳಿಗೆ 10 ಬಾರಿ ಗಮಕವಾಚನ ಕೇಳಿದರು. ಇನ್ನೊಬ್ಬರು 990 ಬಾರಿ ಚಿತ್ರಗೀತೆ ಕೇಳಿದರು. ಹಂಚಬೇಕಾದ ಹಣ 140 ರೂಪಾಯಿ ಎಂದಿಟ್ಟುಕೊಂಡರೆ ಗಮಕದ ಪಾಲಿಗೆ ಬರುವುದು 1 ರೂಪಾಯಿ 40 ಪೈಸೆ. ಗಮಕವನ್ನಷ್ಟೇ ಕೇಳಿದವರು ಕೊಟ್ಟ ಹಣದ ಬಹುಭಾಗ ಅವರು ಎಂದೂ ಕೇಳದ ಹಾಡುಗಳಿಗೆ ಹೋಯಿತು. ಪ್ರತಿಯೊಬ್ಬರ ಹಣವನ್ನು ಅವರವರು ಕೇಳಿದ್ದಕ್ಕೇ ಹಂಚಬೇಕೆಂಬ ಬೇಡಿಕೆ ಇದರಿಂದಲೇ ಹುಟ್ಟಿದ್ದು.

ಕನಿಷ್ಠ 30 ಸೆಕೆಂಡ್ ಕೇಳಿದರೆ ಮಾತ್ರ ಸ್ಪಾಟಿಫೈಯಲ್ಲಿ ಒಂದು ಕೇಳಿಕೆ ಲೆಕ್ಕಕ್ಕೆ ಬರುತ್ತದೆ. 2024ರಿಂದ, ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಕೇಳಿಕೆಗಳನ್ನು ದಾಟದ ಧ್ವನಿಮುದ್ರಣಕ್ಕೆ ಅಲ್ಲಿ ಗೌರವಧನವಿಲ್ಲ. ದೊಡ್ಡ ಭಾಷೆಯ ಜನಪ್ರಿಯ ಹಾಡಿಗೆ ಇದು ಕೆಲವು ನಿಮಿಷಗಳ ಮಾತು. ಜಿಲ್ಲೆಯೊಂದರ ಸೋಬಾನೆ ಪದಗಳನ್ನೋ ತತ್ತ್ವಪದಗಳನ್ನೋ ಧ್ವನಿಮುದ್ರಿಸಿ ಏರಿಸಿದವರಿಗೆ ಅದು ಎತ್ತರದ ಗೋಡೆ.

ಗೀತರಚನಕಾರರ ಹಕ್ಕಿನ ವಿಷಯದಲ್ಲಿ ಭಾರತದ ಕಾನೂನು ಕೇಳುಗರು ತಿಳಿದಿರುವುದಕ್ಕಿಂತ ಉದಾರವಾಗಿದೆ. 2012ರ ತಿದ್ದುಪಡಿಯಂತೆ, ಚಲನಚಿತ್ರಕ್ಕೋ ಧ್ವನಿಮುದ್ರಿಕೆಗೋ ಹಾಡು ಬರೆದವರೂ ರಾಗಸಂಯೋಜನೆ ಮಾಡಿದವರೂ ಗೌರವಧನದಲ್ಲಿ ಸಮಪಾಲು ಪಡೆಯುವ ಹಕ್ಕನ್ನು ಬಿಟ್ಟುಕೊಡಲು ಬರುವುದಿಲ್ಲ. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಮಾತ್ರ ಅದನ್ನು ವಹಿಸಬಹುದು. ಕವಿಯು ತೀರಿಕೊಂಡ ವರ್ಷದ ನಂತರ 60 ವರ್ಷಗಳವರೆಗೆ ಕೃತಿಯ ಹಕ್ಕು ವಾರಸುದಾರರಲ್ಲಿ ಉಳಿಯುತ್ತದೆ. 1981ರಲ್ಲಿ ನಿಧನರಾದ ಬೇಂದ್ರೆಯವರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಕವಿತೆಗಳಿಗೆ ಈ ರಕ್ಷಣೆ 2041ರ ಕೊನೆಯವರೆಗೆ ಇದೆ. ಧ್ವನಿಮುದ್ರಣದ ಹಕ್ಕು ಇದರಿಂದ ಪ್ರತ್ಯೇಕ. ಅದು ಪ್ರಕಟಣೆಯಿಂದ 60 ವರ್ಷ. ಆದ್ದರಿಂದ ಹಳೆಯ ಧ್ವನಿಮುದ್ರಿಕೆಯೊಂದರ ಅವಧಿ ಮುಗಿದಿದ್ದರೂ ಅದರೊಳಗಿನ ಕವಿತೆಯ ಹಕ್ಕು ಜೀವಂತವಾಗಿರಬಹುದು.

ಗೌರವಧನ ಸರಿಯಾದವರನ್ನು ತಲುಪಬೇಕಾದರೆ ಕಡತದೊಡನೆ ಬರೆದವರ ಹೆಸರು ಸರಿಯಾಗಿ ನಮೂದಾಗಿರಬೇಕು. ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ ಎಂಬ ಸಂಘವು ಗೀತರಚನಕಾರರ ಮತ್ತು ಸಂಯೋಜಕರ ಪರವಾಗಿ ಹಣ ಸಂಗ್ರಹಿಸುತ್ತದೆ. ಸದಸ್ಯರು ತಮ್ಮ ಕೃತಿಗಳನ್ನು ಅಲ್ಲಿ ದಾಖಲಿಸಿಕೊಳ್ಳಬೇಕು. ತಪ್ಪು ವಿವರಗಳನ್ನು ಕಂಡ ಕೇಳುಗರು ಕೆಲವು ಆ್ಯಪುಗಳಲ್ಲಿ ಅದನ್ನು ವರದಿ ಮಾಡಬಹುದು. ಆದರೆ ಮೂಲವಿವರಗಳನ್ನು ತಿದ್ದುವ ಅಧಿಕಾರ ಹಾಡನ್ನು ಏರಿಸಿದ ಧ್ವನಿಮುದ್ರಣ ಸಂಸ್ಥೆ ಅಥವಾ ವಿತರಕರದು. ಹಳೆಯ ಕ್ಯಾಸೆಟ್ಟುಗಳ ಮಡಿಕೆ ಹಾಳೆಗಳನ್ನು ಇನ್ನೂ ಜೋಪಾನ ಮಾಡಿಟ್ಟುಕೊಂಡಿರುವವರ ಬಳಿ ಆ ತಿದ್ದುಪಡಿಗೆ ಬೇಕಾದ ಆಧಾರವಿದೆ.